ಡಬ್ಬಿಯಲ್ಲಿ ಹಿಡಿಸದ್ದು

ಡೆಲ್ಮರ್ ಟೀಡ್ಮನ್‌ನ ಫಜೀತಿಗೆಲ್ಲ ಮೂಲ ಪೆನ್ಸಿಲಿನಲ್ಲಿ ಹಾಕಿದ ಒಂದು ಪುಟ್ಟ ಕತ್ತರಿ ಗುರುತು. ಬೀಜದ ಕಂಪನಿಯವರು ಕೊಟ್ಟ ಕ್ಯಾಲೆಂಡರು ಅವನ ಅಡುಗೆಮನೆಯ ಗೋಡೆಯಲ್ಲಿತ್ತು. ಅದರಲ್ಲಿ ಮಾರ್ಚ್ ನಾಲ್ಕರ ಮೂಲೆಯಲ್ಲಿ ಒಂದು ಗುರುತು ಹಾಕಿದ್ದ. ಎಂಟನೇ ತಾರೀಕಿಗೆ ಇನ್ನೊಂದು, ಹನ್ನೆರಡಕ್ಕೆ ಮತ್ತೊಂದು. ಇರುವೆ ಕೂತ ಹಾಗೆ, ಅಷ್ಟು ಸಣ್ಣದು. ಆದರೆ ಪಕ್ಕದ ಹೊಲದ ಗೇಲನ್ ಹೂಫ್ಟ್‌ನ ಕಣ್ಣಿಗೆ ಬ್ರೂಡರ್ ಕ್ರೀಕ್ ಊರಿನಲ್ಲಿ ಯಾವುದೂ ಸಣ್ಣದಲ್ಲ.

ಗ್ರೀಸ್ ಗನ್ ಕೇಳಿಕೊಂಡು ಬಂದವನು ಕ್ಯಾಲೆಂಡರಿಗೆ ಮೂಗು ತಾಗಿಸಿ ನಿಂತ. "ಇದೇನೋ ಡೆಲ್ಮರ್, ಗುರುತು?"

ಡೆಲ್ಮರನ ಕಿವಿ ಕೆಂಪಾಯಿತು. ಐವತ್ತೆಂಟು ವರ್ಷದ, ಮದುವೆಯಾಗದ, ಆರಡಿ ಎತ್ತರದ ಆಸಾಮಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಮಂಜು. ಮಂಜು ಬಿದ್ದ ದಿನ."

ಬೇರೆ ಏನು ಹೇಳಿದ್ದರೂ ನಡೆದುಹೋಗುತ್ತಿತ್ತು. ಆದರೆ ಐಯೋವಾದ ಆ ಕಡೆ ಮಾರ್ಚ್ ತಿಂಗಳ ಮಂಜು ಹುಡುಗಾಟದ ವಿಷಯವಲ್ಲ. ಮಾರ್ಚಿನಲ್ಲಾಗಲಿ ಏಪ್ರಿಲಿನಲ್ಲಾಗಲಿ ಮಂಜು ಕವಿದ ದಿನದಿಂದ ಸರಿಯಾಗಿ ತೊಂಬತ್ತನೇ ದಿನ ಮಳೆ ಬೀಳುತ್ತದೆ ಅಂತ ಅಜ್ಜಂದಿರು ಎಣಿಸುತ್ತಿದ್ದರು. ಈಗ ತನ್ನಷ್ಟಕ್ಕೇ ನೇರ ಸಾಲು ಹಿಡಿದು ಹೋಗುವ ಟ್ರ್ಯಾಕ್ಟರಿನ ಮೇಲೆ ಕೂತ ಮೊಮ್ಮಕ್ಕಳೂ ಎಣಿಸುತ್ತಾರೆ, ಯಾರೂ ನೋಡದಿರುವಾಗ. ಆ ವರ್ಷ ಮಂಜಿನ ದಿನಗಳನ್ನು ಬರೆದಿಡುವುದನ್ನು ಊರಲ್ಲಿ ಎಲ್ಲರೂ ಮರೆತಿದ್ದರು. ಗೇಲನ್ ಆ ತಾರೀಕುಗಳನ್ನು ಅಂಗೈ ಮೇಲೆ ಬರೆದುಕೊಂಡು ಹೋದ. ಗ್ರೀಸ್ ಗನ್ ಮರೆತು ಹೋದ.

ಜೂನ್ ಎರಡಕ್ಕೆ ಮುಕ್ಕಾಲು ಅಂಗುಲ ಮಳೆ ಬಂತು. ಆರಕ್ಕೆ ಅರ್ಧ ಅಂಗುಲ. ಹತ್ತನೇ ತಾರೀಕು ಒಂದೂಕಾಲು ಅಂಗುಲ ಸುರಿಯಿತು. ಅದೇ ಸಂಜೆ ಗೇಲನ್ ಬಂದು, ಕೇಳದೆಯೇ ಮೊಳೆಯಿಂದ ಕ್ಯಾಲೆಂಡರು ಬಿಚ್ಚಿಕೊಂಡ. "ಇದು ಒಬ್ಬನ ಮನೇಲಿ ಇರೋ ಸಾಮಾನಲ್ಲ ಕಣೋ" ಎಂದು ಧಾನ್ಯ ಸೊಸೈಟಿಯ ಗೋಡೆಗೆ, ಕಾಫಿ ಪಾತ್ರೆಯ ಪಕ್ಕದಲ್ಲಿ ತೂಗುಹಾಕಿದ. ನಲವತ್ತು ವರ್ಷ ಆ ಕಾಫಿ ಮೇಜಿನ ತುದಿಯಲ್ಲಿ ಕೂತು ಹೂಂಗುಟ್ಟಿದ ಡೆಲ್ಮರನಿಗೆ ನಡುವಿನ ಕುರ್ಚಿ ಸಿಕ್ಕಿತು. ಅವನಿಗೆ ಅದರಲ್ಲಿ ಕೂರಲು ಮುಳ್ಳು ಚುಚ್ಚಿದಂತಾಗುತ್ತಿತ್ತು.

ಏಕೆಂದರೆ ಆ ಗುರುತುಗಳಿಗೂ ಮಂಜಿಗೂ ಸಂಬಂಧವೇ ಇರಲಿಲ್ಲ. ಅವು ಆರ್ಡಿತ್ ನೋಲ್ ಅವನ ಜಗುಲಿಗೆ ಬಂದ ದಿನಗಳು.

ಆರ್ಡಿತ್ ಆ ಭಾಗದ ಹಳ್ಳಿಮನೆಗಳಿಗೆ ಟಪಾಲು ಹಂಚುವವಳು. ಗಂಡ ತೀರಿಕೊಂಡು ಆರು ವರ್ಷ. ಸ್ಟೀರಿಂಗು ಎಡಗಡೆ ಇದ್ದರೂ ಕಾರಿನ ಬಲಗಡೆ ಸೀಟಿನಲ್ಲಿ ಕೂತು, ಎಡಗಾಲನ್ನು ಚಾಚಿ ಓಡಿಸುತ್ತ, ರಸ್ತೆ ಬದಿಯ ಡಬ್ಬಿಗಳಿಗೆ ಕಿಟಕಿಯಿಂದಲೇ ಕಾಗದ ತುರುಕಿ ಮುಂದೆ ಹೋಗುತ್ತಿದ್ದಳು. ಡೆಲ್ಮರನ ಮನೆ ರಸ್ತೆಯಿಂದ ಇನ್ನೂರು ಹೆಜ್ಜೆ ಒಳಗೆ. ಅಡುಗೆಮನೆಯ ಕಿಟಕಿಯಿಂದ ಅವನಿಗೆ ದಿನಾ ಕಾಣುತ್ತಿದ್ದುದು ಒಂದು ಕೈ ಮಾತ್ರ. ಹೊರಗೆ ಬರುವ, ಡಬ್ಬಿ ಮುಚ್ಚುವ, ಒಳಗೆ ಹೋಗುವ ಕೈ. ಐದು ವರ್ಷ ಅವನು ಆ ಕೈಯನ್ನೇ ನೋಡಿಕೊಂಡು ಊಟ ಮಾಡಿದ್ದ.

ಆಮೇಲೊಂದು ದಿನ ಅವನಿಗೆ ಹೊಳೆಯಿತು, ಡಬ್ಬಿಯಲ್ಲಿ ಹಿಡಿಸದ ಪಾರ್ಸೆಲ್ ಬಂದರೆ ಅವಳು ಇಳಿದು ಬಾಗಿಲಿಗೇ ತಂದುಕೊಡಬೇಕು. ಟೇಪು ಹಿಡಿದು ಡಬ್ಬಿಯ ಅಳತೆ ತೆಗೆದ. ಹತ್ತೊಂಬತ್ತು ಅಂಗುಲ. ಅಂದಿನಿಂದ ಸಾಮಾನನ್ನು ಉಪಯೋಗ ನೋಡಿ ತರಿಸುವುದನ್ನು ಬಿಟ್ಟು ಉದ್ದ ನೋಡಿ ತರಿಸತೊಡಗಿದ. ಮೂಲೆಯಲ್ಲಿ ನಿಲ್ಲಿಸುವ ದೀಪ ಬಂತು. ಹಿಮವೆಲ್ಲ ಕರಗಿದ ಮೇಲೆ ಹಿಮ ಎತ್ತುವ ಸಲಿಕೆ ಬಂತು. ಸಮುದ್ರದ ದಂಡೆಯಲ್ಲಿ ನೆಡುವ ದೊಡ್ಡ ಕೊಡೆ ಬಂತು, ಸಮುದ್ರ ಅಲ್ಲಿಂದ ಸಾವಿರ ಮೈಲಿ. ಅವಳು ಮೆಟ್ಟಿಲು ಹತ್ತಿ ಬಂದಾಗ ಹೇಳಬೇಕೆಂದಿದ್ದ ಮಾತು ಇಷ್ಟೇ: ಒಳಗೆ ಬನ್ನಿ, ಕಾಫಿ ಇದೆ. ಆದರೆ ಬಾಯಿ ತೆರೆದರೆ ಹೊರಡುತ್ತಿದ್ದುದು, "ಗಾಳಿ ಉತ್ತರಕ್ಕೆ ತಿರುಗಿದ ಹಾಗಿದೆ." ಆ ಸೀಮೆಯ ಗಂಡಸರು ಎದೆಯಲ್ಲಿ ಏನಿದ್ದರೂ ಹವಾಮಾನವನ್ನೇ ಆಡುತ್ತಾರೆ. ಅವಳು "ಹೌದು ನೋಡಿ" ಎಂದು ನಕ್ಕು ಹೊರಟುಹೋಗುತ್ತಿದ್ದಳು. ಆ ಸಂಜೆ ಅವನು ಒಂದು ಕತ್ತರಿ ಗುರುತು ಹಾಕುತ್ತಿದ್ದ. ನೋಡಿಕೊಳ್ಳಲು ಏನಾದರೂ ಬೇಕಲ್ಲ.

ಈಗ ಜುಲೈ ಒಂದು. ಆ ದಿನ ಅವನು ಗಟ್ಟಿ ಮನಸ್ಸು ಮಾಡಿದ್ದ. ಗುರುವಾರ ನಾಲ್ಕನೇ ತಾರೀಕು, ಅಗ್ನಿಶಾಮಕ ಠಾಣೆಯ ಮುಂದಿನ ಹುಲ್ಲಿನ ಮೇಲೆ ಊರಿಗೆಲ್ಲ ಕೋಳಿ ಊಟ. "ಗುರುವಾರದ ಊಟಕ್ಕೆ ನನ್ನ ಜೊತೆ ಬರ್ತೀರಾ?" ಕೊಟ್ಟಿಗೆಯಲ್ಲಿ ಕಟಾವು ಯಂತ್ರದ ಎದುರು ನಿಂತು ಒಂದು ವಾರ ಅಭ್ಯಾಸ ಮಾಡಿದ್ದ. ಯಂತ್ರ ಬೇಡ ಅಂದಿರಲಿಲ್ಲ. ಮಧ್ಯಾಹ್ನ ಪಾರ್ಸೆಲ್ ಬರುವುದಿತ್ತು. ಈ ಸಲ, ಜೀವನದಲ್ಲಿ ಮೊದಲ ಬಾರಿಗೆ, ಬೇಕಾದದ್ದನ್ನೇ ತರಿಸಿದ್ದ. ಜಗುಲಿಯ ಬೆಂಚಿಗೆ ಹಾಸುವ, ಇಬ್ಬರು ಕೂರುವಷ್ಟು ಉದ್ದದ ಮೆತ್ತೆ.

ಬೆಳಿಗ್ಗೆ ಸೊಸೈಟಿಗೆ ಹೋದಾಗ ಮೇಜಿನ ಸುತ್ತ ಎಲ್ಲರ ಮುಖ ಜೋತುಬಿದ್ದಿತ್ತು. ಜೂನ್ ಹತ್ತರ ನಂತರ ಒಂದು ಹನಿ ಬಿದ್ದಿರಲಿಲ್ಲ. ಜೋಳದ ಎಲೆ ಹತ್ತು ಗಂಟೆಗೆಲ್ಲ ಸುರುಳಿ ಸುತ್ತಿಕೊಳ್ಳುತ್ತಿತ್ತು, ಇನ್ನೆರಡು ವಾರಕ್ಕೆ ಸೂಲಂಗಿ, ಅಂದರೆ ತುದಿಯ ಹೂವು, ಬಿಡುವ ಹೊತ್ತು. ಸೊಸೈಟಿ ಮ್ಯಾನೇಜರ್ ವೆಂಡೆಲ್ ಕ್ರೂಗರ್ ಬೇಸಿಗೆಯ ಮುನ್ಸೂಚನೆಯ ನಕಾಶೆಯನ್ನು ಬಿಡಿಸಿ ಹಿಡಿದಿದ್ದ. ಪಶ್ಚಿಮದ ರಾಜ್ಯಗಳ ಮೇಲೆ ಕಂದು ಬಣ್ಣ, ಅಂದರೆ ಮಳೆ ಕಮ್ಮಿ. ಪೂರ್ವಕ್ಕೆ ಹಸಿರು. ನಡುವೆ ತಮ್ಮ ಜಿಲ್ಲೆಯ ಮೇಲೆ ಬರೀ ಬಿಳಿ.

"ನಮ್ಮ ಕಡೆ ಬರೋ ಹೊತ್ತಿಗೆ ಬಣ್ಣ ಮುಗೀತಾ?" ಗೇಲನ್ ಕೇಳಿದ.

"ಬಿಳಿ ಅಂದ್ರೆ ಸಮ ಸಂಭವ ಅಂತ. ಮಳೆ ಜಾಸ್ತಿ ಆಗಬಹುದು, ಕಮ್ಮಿ ಆಗಬಹುದು, ಎಂದಿನಷ್ಟೇ ಆಗಬಹುದು. ಮೂರಕ್ಕೂ ಒಂದೇ ಅವಕಾಶ."

"ಇದನ್ನ ನಮ್ಮನೆ ನಾಯಿನೂ ಹೇಳ್ತದೆ" ಎಂದ ಎಂಬತ್ತಾರರ ಓರ್ವಿಲ್ ಅಜ್ಜ. ಆ ಮೇಜಿನಲ್ಲಿ ಅವನದೇ ಕೊನೆಯ ಮಾತು. "ಡೆಲ್ಮರ್, ನಿಂದು ಏನಂತೈತೆ?"

ಡೆಲ್ಮರ್ ಬೂಟು ನೋಡಿಕೊಂಡ. "ಮುಂದಿನ ಗುರುತು ಏಪ್ರಿಲ್ ಒಂಬತ್ತು. ಎಣಿಸಿದ್ರೆ ಜುಲೈ ಎಂಟು."

"ಇನ್ನೂ ಒಂದು ವಾರ ಐತೆ. ಮಾರ್ಚ್ ಹನ್ನೆರಡಕ್ಕೂ ಏಪ್ರಿಲ್ ಒಂಬತ್ತಕ್ಕೂ ಮಧ್ಯ ಒಂದ್ ದಿನಾನೂ ಮಂಜೇ ಬೀಳಲಿಲ್ವಾ? ಜ್ಞಾಪಿಸ್ಕೊಳಯ್ಯ, ನೀನು ಎದ್ದಿದ್ದೇ ತಡ ಇರಬೇಕು."

ಅಷ್ಟರಲ್ಲಿ ಬಾಗಿಲು ತೆರೆದು ಆರ್ಡಿತ್ ಒಳಗೆ ಬಂದಳು. ಸೊಸೈಟಿಯ ಟಪಾಲು ಅವಳ ಮೊದಲ ಕಟ್ಟು. ಕಾಗದಗಳನ್ನು ವೆಂಡೆಲ್‌ನ ಕೈಗೆ ಕೊಟ್ಟು, ಒಂದು ಲೋಟ ಕಾಫಿ ಬಗ್ಗಿಸಿಕೊಂಡು, ಕ್ಯಾಲೆಂಡರಿನ ಮುಂದೆ ನಿಂತಳು.

"ಇದೇನಾ ಎಲ್ಲರೂ ಮಾತಾಡ್ತಿರೋ ಮಂಜಿನ ಕ್ಯಾಲೆಂಡರು?" ಹಾಳೆ ಹಿಂದಕ್ಕೆ ಮಗುಚಿದಳು. "ಮಾರ್ಚ್ ಹನ್ನೆರಡು? ಅವತ್ತು ಎಲ್ಲಿತ್ತು ಮಂಜು? ಕನ್ನಡಿ ಹಾಗಿತ್ತು ಆಕಾಶ. ಡೆಲ್ಮರ್ ಜಗುಲಿ ಮೇಲಿಂದ ಪಕ್ಕದೂರಿನ ಕಣಜದ ಗೋಪುರ ಕಾಣ್ತಿತ್ತು. ಅವತ್ತೇ ಅಲ್ವಾ ಡೆಲ್ಮರ್, ನಿಮಗೆ ಆ ದೊಡ್ಡ ಕೊಡೆ ತಂದಿದ್ದು?"

ಡೆಲ್ಮರ್ ಲೋಟವನ್ನು ಮೇಜಿನ ಮೇಲಿಟ್ಟ.

"ಎಂಟನೇ ತಾರೀಕೂ ಬಿಸಿಲೇ. ಸಲಿಕೆ ತಂದಿದ್ದೆ, ಈಗ್ಯಾಕಪ್ಪ ಇದು ಅಂತ ನಗು ಬಂತು, ಅದಕ್ಕೇ ನೆನಪಿದೆ. ನಾಲ್ಕಕ್ಕೆ ದೀಪ. ಏಪ್ರಿಲ್ ಒಂಬತ್ತು, ಮೀನಿನ ಗಾಳದ ಕೋಲು." ಅವಳ ಬೆರಳು ಗುರುತಿನಿಂದ ಗುರುತಿಗೆ ಹೋಗಿ, ನಿಧಾನವಾಗಿ ನಿಂತಿತು. ಮಾತೂ ನಿಂತಿತು.

ಏಳು ಟೋಪಿಗಳು ಒಟ್ಟಿಗೆ ಡೆಲ್ಮರನ ಕಡೆ ತಿರುಗಿದವು. ಆಯಿತು, ಗುಟ್ಟು ಬಯಲಾಯಿತು ಎಂದುಕೊಂಡ ಅವನು. ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಅದರ ಅಡಿಯಲ್ಲೇ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಒಂದು ನೆಮ್ಮದಿಯೂ ಇತ್ತು. ತಾನು ಹೇಳಲಾರದ್ದನ್ನು ಕ್ಯಾಲೆಂಡರು ಹೇಳಿಬಿಟ್ಟಿತಲ್ಲ.

ಬೇರೆ ಯಾವ ಊರಾಗಿದ್ದರೂ ಅರ್ಥ ಮಾಡಿಕೊಳ್ಳುತ್ತಿತ್ತು. ಆದರೆ ಬ್ರೂಡರ್ ಕ್ರೀಕ್‌ಗೆ ಮಳೆ ಬಿದ್ದು ಮೂರು ವಾರವಾಗಿತ್ತು.

ಓರ್ವಿಲ್ ಅಜ್ಜ ಕೋಲು ಊರಿ ಎದ್ದ. "ಆರ್ಡಿತ್, ಮಾರ್ಚ್ ಹನ್ನೆರಡಾದ ಮೇಲೆ ನೀವು ರಜಾ ಹಾಕಿದ್ರಿ ಅಲ್ವಾ?"

"ಹೌದು, ಮಂಡಿ ಆಪರೇಶನ್ನಿಗೆ. ಏಪ್ರಿಲ್ ಒಂಬತ್ತಕ್ಕೆ ವಾಪಸ್ ಬಂದೆ. ಯಾಕೆ?"

"ಎಣಿಸ್ರಪ್ಪ" ಎಂದ ಅಜ್ಜ ಮೇಜಿನ ಕಡೆ ತಿರುಗಿ. "ಈಯಮ್ಮ ಇಳಿದು ನಡೆದ ದಿನಕ್ಕೆಲ್ಲ ಮಳೆ ಆಗೈತೆ. ರಜಾ ಹಾಕಿದ ದಿನಕ್ಕೆಲ್ಲ ಒಣಗೈತೆ. ಮಂಜಲ್ಲ ಕಣ್ರೋ ಮಳೆ ತರೋದು. ಆರ್ಡಿತ್."

ಏಳು ಟೋಪಿಗಳು ಡೆಲ್ಮರನನ್ನು ಬಿಟ್ಟು ಆರ್ಡಿತ್ ಕಡೆ ತಿರುಗಿದವು. ಪಶ್ಚಿಮದಲ್ಲಿ ಎದ್ದ ಕಪ್ಪು ಮೋಡವನ್ನು ನೋಡುವ ನೋಟ ಅದು.

"ನೋಡಿದ್ಯಾ ಇವನನ್ನ" ಎಂದ ಗೇಲನ್. "ಗೊತ್ತಿದ್ದೂ ಗೊತ್ತಿದ್ದೂ ನಮಗೆ ಮಂಜು ಅಂತ ಹೇಳಿದ. ಪಾರ್ಸೆಲ್ ಮೇಲೆ ಪಾರ್ಸೆಲ್ ತರಿಸಿ ಮಳೆಯೆಲ್ಲ ತನ್ನ ಹೊಲಕ್ಕೇ ಎಳ್ಕೊಂಡ."

"ನನ್ನ ಹೊಲಕ್ಕೆ ಬಿದ್ದದ್ದು ನಿನ್ನ ಹೊಲಕ್ಕೂ ಬಿತ್ತಲ್ಲೋ" ಎಂದ ಡೆಲ್ಮರ್. ಅದು ಅವನು ಆಡಬೇಕಾಗಿದ್ದ ಮಾತಲ್ಲ. ಆಡಬೇಕಾಗಿದ್ದುದನ್ನು ಹುಡುಕುವಷ್ಟರಲ್ಲಿ ಆರ್ಡಿತ್ ತಲೆಯಾಡಿಸಿ ನಕ್ಕು, ಕಾಫಿ ಅರ್ಧಕ್ಕೇ ಬಿಟ್ಟು ಹೊರಟುಹೋಗಿದ್ದಳು. ಬಾಗಿಲಲ್ಲಿ ಒಮ್ಮೆ ತಿರುಗಿ ಅವನನ್ನೇ ನೋಡಿದಳು. ಅಥವಾ ಅವನ ಹಿಂದಿದ್ದ ಗೋಡೆ ಗಡಿಯಾರವನ್ನು.

ಡೆಲ್ಮರ್ ಮನೆಗೆ ಬಂದು ಬೆಂಚು ಒರೆಸಿದ. ನಿಂಬೆ ಪಾನಕ ಮಾಡಿ ತಣ್ಣಗಿಟ್ಟ. ಹೊಸ ಅಂಗಿ ಹಾಕಿಕೊಂಡ. ಹನ್ನೆರಡೂಕಾಲಿಗೆ ತಪ್ಪದೆ ಬರುವ ಕಾರು ಒಂದಾದರೂ ಬರಲಿಲ್ಲ, ಎರಡಾದರೂ ಬರಲಿಲ್ಲ. ಆಗ ಫೋನು ಬಂತು. ಗೇಲನ್.

"ಈಗಷ್ಟೇ ನಮ್ಮನೆಯಿಂದ ಹೊರಟ್ಳು ಕಣೋ. ಜೋಳದ ಸಾಲಲ್ಲಿ ಒಂದು ಸುತ್ತು ನಡೆದ್ಳು. ಬರಲ್ಲ ಅಂದ್ಳು, ಡೋರೀನ್ ಕಡುಬು ಕೊಟ್ಟು ಒಪ್ಪಿಸಿದ್ಳು."

ಗೇಲನ್‌ನ ಹೆಂಡತಿ ಡೋರೀನ್‌ಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತಾಗಲು ಊಟದ ಹೊತ್ತೂ ಬೇಕಾಗುವುದಿಲ್ಲ. ಪ್ರತಿ ಡಬ್ಬಿಯ ಪಕ್ಕದಲ್ಲೂ ಜನ ನಿಂತಿದ್ದರು. ಒಬ್ಬರಿಗೆ ಅಂಚೆಚೀಟಿ ಬೇಕು, ಆದರೆ ಹಣ ಮನೆಯೊಳಗಿದೆ, ದಯವಿಟ್ಟು ಇಳಿದು ಬನ್ನಿ. ಇನ್ನೊಬ್ಬರ ಡಬ್ಬಿಯ ಬಾಗಿಲೇ ಬೆಳಗಿನಿಂದ ಕಾಣೆಯಾಗಿದೆ. ಡೆಲ್ಮರ್ ಜಗುಲಿಯ ಕಂಬ ಹಿಡಿದು ನಿಂತು, ಬಯಲಿನಾಚೆ ಒಂದು ಮೈಲಿ ದೂರದಲ್ಲಿ ಆ ಬಿಳಿ ಕಾರು ಒಂದೊಂದು ಮನೆಯ ಮುಂದೂ ಕಾಲು ಗಂಟೆ ನಿಲ್ಲುವುದನ್ನು ನೋಡಿದ. ತಾನು ಒಂದೊಂದು ಪಾರ್ಸೆಲ್ ತರಿಸಿ ಒಂದೊಂದೇ ನಿಮಿಷ ಪಡೆದದ್ದನ್ನು ಊರವರು ಪುಕ್ಕಟೆ ಸೂರೆ ಮಾಡುತ್ತಿದ್ದರು.

ಐದೂವರೆಗೆ ಜಲ್ಲಿಯ ಮೇಲೆ ಚಕ್ರದ ಸದ್ದು ಕೇಳಿಸಿತು. ಆ ಸದ್ದನ್ನು ಅವನು ಸಾವಿರ ಸದ್ದುಗಳಲ್ಲಿ ಗುರುತಿಸುತ್ತಿದ್ದ. ಆರ್ಡಿತ್ ಉದ್ದನೆಯ ಪಾರ್ಸೆಲ್ ಹೊತ್ತು ಕುಂಟುತ್ತ ಮೆಟ್ಟಿಲು ಹತ್ತಿದಳು. ಕೂದಲಲ್ಲಿ ಜೋಳದ ಗರಿಯ ಚೂರು ಸಿಕ್ಕಿಕೊಂಡಿತ್ತು.

"ಸ್ವಲ್ಪ ಕೂರಲಾ ಡೆಲ್ಮರ್? ಇದು ನನ್ನ ಕೊನೇ ಮನೆ. ಮಂಡಿ ಹೋಯ್ತು."

ಒಳಗೆ ಬನ್ನಿ ಎಂದು ಇಷ್ಟು ದಿನ ಹೇಳಲಾಗದ ಮಾತಿಗೆ ಕೆಲಸವೇ ಇಲ್ಲವಾಯಿತು. ಅವನು ಪಾರ್ಸೆಲ್ ಹರಿದು, ಮೆತ್ತೆಯನ್ನು ಬೆಂಚಿನ ಮೇಲೆ ಹಾಸಿದ. ಅವಳು ಕೂತು, ಬೂಟು ಬಿಚ್ಚಿ, ಕಾಲು ಚಾಚಿ ಕಣ್ಣು ಮುಚ್ಚಿದಳು. ಅವನು ಪಾನಕ ತಂದುಕೊಟ್ಟು, ಮೆತ್ತೆಯ ಇನ್ನೊಂದು ತುದಿಯಲ್ಲಿ ಕೂತ. ಎದುರಿಗೆ ಹೊಲ ದಿಗಂತದ ತನಕ. ಸಂಜೆ ಬಿಸಿಲಿಗೆ ಜೋಳದ ಎಲೆಗಳು ಸುರುಳಿ ಬಿಚ್ಚಿಕೊಳ್ಳುತ್ತಿದ್ದವು.

"ಓರ್ವಿಲ್ ಅಜ್ಜ ಮೂರು ಸಲ ಮೆಟ್ಟಿಲು ಹತ್ತಿಸಿ ಇಳಿಸಿದ. ಒಂದು ಅಂಗುಲ ಬೇಕಂತೆ, ಅದಕ್ಕೆ" ಎಂದಳು. ಇಬ್ಬರೂ ನಕ್ಕರು. ಆಮೇಲೆ ನಗು ನಿಂತಿತು. ಅವಳು ಲೋಟ ತಿರುಗಿಸುತ್ತ ಮೆಲ್ಲಗೆ ಕೇಳಿದಳು. "ಆ ಗುರುತು ಯಾಕೆ ಹಾಕಿದ್ರಿ?"

"ನೀವು ಬಂದ ದಿನ ಅಂತ."

"ಅದು ಗೊತ್ತಾಯ್ತು. ಬಂದ ದಿನ ಅಂತ ಯಾಕೆ?"

ಡೆಲ್ಮರನ ಬಾಯಿಗೆ ಉತ್ತರದ ಗಾಳಿ ಬಂತು. ನುಂಗಿಕೊಂಡ. ತೇವಾಂಶ ಬಂತು. ಅದನ್ನೂ ನುಂಗಿಕೊಂಡ. ಅವಳು ಕಾಯುತ್ತಿದ್ದಳು. ಯಾವ ಅವಸರವೂ ಇಲ್ಲದೆ, ನಿಜವಾಗಿ ಕಾಯುತ್ತಿದ್ದಳು. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಆರ್ಡಿತ್, ಗುರುವಾರ..."

ರಸ್ತೆಯಲ್ಲಿ ಧೂಳೆದ್ದಿತು. ಗೇಲನ್‌ನ ಪಿಕಪ್ ಅಂಗಳಕ್ಕೆ ನುಗ್ಗಿ ಹೂವಿನ ಗಿಡದ ಮೇಲೆ ನಿಂತಿತು. ಒಳಗೆ ವೆಂಡೆಲ್, ಅವನ ಪಕ್ಕ ಓರ್ವಿಲ್ ಅಜ್ಜ, ಅಜ್ಜನ ಕೈಯಲ್ಲಿ ಕ್ಯಾಲೆಂಡರು.

"ಎದ್ದೇಳಿ ಆರ್ಡಿತ್, ನಿಮಗೆ ಕೈ ಮುಗೀತೀನಿ ಎದ್ದೇಳಿ" ಎಂದು ಗೇಲನ್ ಓಡಿಬಂದ. "ನಾವು ಎಣಿಸೋದನ್ನೇ ಮರೆತಿದ್ವಿ."

"ಏನನ್ನ?"

"ಇವತ್ತಿಗೆ ತೊಂಬತ್ತು ದಿನ" ಎಂದ ಅಜ್ಜ. ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. "ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಸೋಯಾ ಕಟಾವು. ನಿಮ್ಮನ್ನ ಇಪ್ಪತ್ತೆರಡು ಮನೇಲಿ ಇಳಿಸಿದೀವಿ. ಯಂತ್ರ ಹೊಲಕ್ಕೆ ಇಳಿಯೋ ಹಾಗಿಲ್ಲ, ಕೊಚ್ಚಿಕೊಂಡು ಹೋಗ್ತೀವಿ."

"ಅದರಲ್ಲೂ ಈ ಮನೆ" ಎಂದ ವೆಂಡೆಲ್. "ಬೇರೆ ಕಡೆದು ಹೇಗೋ ಏನೋ, ಈ ಮನೇದು ಮಾತ್ರ ಒಂದು ಸಲಾನೂ ತಪ್ಪಿಲ್ಲ. ಎಷ್ಟು ಹೊತ್ತಾಯ್ತು ಕೂತು?"

"ಹತ್ತು ನಿಮಿಷ" ಎಂದಳು ಆರ್ಡಿತ್.

ಓರ್ವಿಲ್ ಅಜ್ಜ ಪಿಕಪ್ಪಿಗೆ ಒರಗಿಕೊಂಡ.

ಅವರು ಒಳ್ಳೆಯ ಜನ. ಒಬ್ಬ ಅವಳ ಬೂಟು ತಂದುಕೊಟ್ಟ, ಒಬ್ಬ ಕೈ ಹಿಡಿದು ಮೆಟ್ಟಿಲು ಇಳಿಸಿದ, ಒಬ್ಬ ಕಾರಿನ ಬಾಗಿಲು ತೆಗೆದ. ಡೆಲ್ಮರ್ ಜಗುಲಿಯ ಅಂಚಿನಲ್ಲಿ ಬಾಯಿ ತೆರೆದು ನಿಂತೇ ಇದ್ದ. "ಗುರುವಾರ ಏನೋ ಹೇಳ್ತಿದ್ರಿ" ಎಂದಳು ಅವಳು ಕಿಟಕಿಯಿಂದ.

"ಗುರುವಾರ ಅವನಿಗೆ ಪುರುಸೊತ್ತಿಲ್ಲ" ಎಂದ ಗೇಲನ್. "ಕೋಳಿ ಸುಡೋ ಒಲೆಗೆ ಅವನನ್ನೇ ಹಾಕಿದೀವಿ. ನೀವು ಆ ತುದೀಲಿ, ಸಿಹಿ ಮೇಜಿನ ಹತ್ತಿರ ಕೂರಿ. ನಾಲ್ಕಕ್ಕೆ ತೊಂಬತ್ತು ಅಂದ್ರೆ ಅಕ್ಟೋಬರ್ ಎರಡು, ಜೋಳದ ಕಟಾವು. ಇವನ ಹತ್ತಿರ ಮಾತ್ರ ಸುಳೀಬೇಡಿ ತಾಯಿ."

ಕಾರು ಹೋಯಿತು. ಅವರೂ ಹೋದರು. ಡೆಲ್ಮರ್ ಬೆಂಚಿನ ತನ್ನ ತುದಿಯಲ್ಲಿ ಕೂತ. ಇನ್ನೊಂದು ತುದಿಯಲ್ಲಿ ಮೆತ್ತೆ ಅವಳು ಕೂತಿದ್ದ ಕಡೆ ತಗ್ಗಾಗಿಯೇ ಇತ್ತು. ಅವನು ಅಲ್ಲಿ ಕೈ ಊರಲಿಲ್ಲ.

ಸೂರ್ಯ ಮುಳುಗುವ ಮೊದಲೇ ಪಿಕಪ್ ವಾಪಸ್ ಬಂತು. ಇನ್ನೂರು ಹೆಜ್ಜೆ ಆಚೆ, ರಸ್ತೆ ಬದಿಯಲ್ಲಿ ನಿಂತಿತು. ಗುದ್ದಲಿ, ಸುತ್ತಿಗೆಗಳ ಸದ್ದು ಕೇಳಿ ಡೆಲ್ಮರ್ ಹೋಗಿ ನೋಡಿದ. ಅವನ ಹತ್ತೊಂಬತ್ತು ಅಂಗುಲದ ಡಬ್ಬಿ ಚರಂಡಿಯಲ್ಲಿ ಬಿದ್ದಿತ್ತು. ಅದರ ಜಾಗದಲ್ಲಿ ನಾಲ್ಕು ಕಂಬಗಳ ಮೇಲೆ, ಕಾರಿನ ಕಿಟಕಿಯ ಎತ್ತರಕ್ಕೆ ಸರಿಯಾಗಿ, ಹಂದಿಗಳಿಗೆ ಮೇವು ಹಾಕುವ ತಗಡಿನ ಪೆಟ್ಟಿಗೆ ಕೂತಿತ್ತು. ಒಂದು ಕರು ಆರಾಮಾಗಿ ಮಲಗಬಹುದು. ಬಿಳಿ ಬಣ್ಣ ಬಳಿದು ಮೇಲೆ "ಟೀಡ್ಮನ್" ಅಂತ ಬರೆದಿದ್ದರು. ಬಣ್ಣ ಇನ್ನೂ ಹಸಿ.

"ನಮ್ಮೆಲ್ಲರ ಕಡೆಯಿಂದ" ಎಂದ ಗೇಲನ್, ಬೆವರು ಒರೆಸಿಕೊಳ್ಳುತ್ತ. "ನಿನ್ನ ಪಾರ್ಸೆಲ್ ಚಟ ಬಿಡು ಅಂತ ನಾವ್ಯಾರೂ ಹೇಳಲ್ಲ. ಏನು ಬೇಕಾದ್ರೂ ತರಿಸ್ಕೋ. ಆಕೆ ಇಳಿಯೋದು ಬೇಡ, ಅಷ್ಟೇ."

"ವೆಂಡೆಲ್ ಪೋಸ್ಟ್‌ಮಾಸ್ಟರನ ಮನೆಗೇ ಫೋನ್ ಮಾಡಿ ಅಳತೆ ಕೇಳ್ದ" ಎಂದ ಅಜ್ಜ ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ. "ಇದರಲ್ಲಿ ಹಿಡಿಸದ ಪಾರ್ಸೆಲ್‌ನ ಅಂಚೆಯವರು ಒಯ್ಯೋದೇ ಇಲ್ಲ."

ಡೆಲ್ಮರ್ ಅವರಿಗೆ ಥ್ಯಾಂಕ್ಸ್ ಹೇಳಿದ. ಹೇಳದೆ ಇನ್ನೇನು ಮಾಡುತ್ತಾನೆ?

ಮರುದಿನ ಹನ್ನೆರಡೂಕಾಲಿಗೆ ಅವನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ. ರಸ್ತೆಗೆ ಹೋಗಿ ನಿಲ್ಲಬಹುದಿತ್ತು, ನಿಜ. ಇನ್ನೂರು ಹೆಜ್ಜೆ ನಡೆದು ಕೇಳುವ ಗಂಡಸಾಗಿದ್ದರೆ ಅವನು ಸಮುದ್ರದ ಕೊಡೆ ಯಾಕೆ ತರಿಸುತ್ತಿದ್ದ? ಬಿಳಿ ಕಾರು ಬಂತು. ಕೈ ಹೊರಗೆ ಬಂತು, ಹಂದಿಯ ಪೆಟ್ಟಿಗೆಯ ಮುಚ್ಚಳ ಎತ್ತಿ ಕಾಗದ ಹಾಕಿತು, ಮುಚ್ಚಿತು. ಆದರೆ ಎಂದಿನಂತೆ ಒಳಗೆ ಹೋಗಲಿಲ್ಲ. ಮುಚ್ಚಳದ ಮೇಲೆಯೇ ಸ್ವಲ್ಪ ಹೊತ್ತು ಇತ್ತು. ಕಾಯುವ ಹಾಗೆ ಇತ್ತು. ಬಣ್ಣ ಒಣಗಿದೆಯೇ ಅಂತ ಮುಟ್ಟಿ ನೋಡುವ ಹಾಗೂ ಇತ್ತು. ಅಷ್ಟು ದೂರದಿಂದ ಎರಡಕ್ಕೂ ಒಂದೇ ಅವಕಾಶ.

ಕೈ ಒಳಗೆ ಹೋಯಿತು, ಕಾರು ಹೊರಟಿತು. ಡೆಲ್ಮರ್ ಪೆನ್ಸಿಲ್ ತೆಗೆದುಕೊಂಡು ಗೋಡೆಯ ಕಡೆ ತಿರುಗಿದ. ಅಲ್ಲಿ ಮೊಳೆ ಮಾತ್ರ ಇತ್ತು.